ವೂಫರ್ ಹಾಕಿಸಿದ ಮೇಲೆ ಸೆಲ್ಫ್ ಎತ್ತದ ಲಾರಿ: ಒಂದು ಪ್ರಕರಣ ಅಧ್ಯಯನ

ಬೆಳಗ್ಗೆ ಆರಕ್ಕೆ ಬಂಡೀಪುರದ ಕಡೆಯ ಗೇಟು ತೆರೆಯಿತು. ರಾತ್ರಿಯಿಂದ ಸಾಲುಗಟ್ಟಿ ನಿಂತಿದ್ದ ಲಾರಿಗಳು ಒಂದೊಂದಾಗಿ ಹೊರಟವು. ಒಂದು ಲಾರಿ ಮಾತ್ರ ನಿಂತೇ ಇತ್ತು. ಕೀ ತಿರುಗಿಸಿದರೆ ಟಿಕ್ ಟಿಕ್ ಅನ್ನುವ ಸದ್ದು ಬರುತ್ತಿತ್ತು, ಅಷ್ಟೇ. ಒಳಗೆ ಬೀನ್ಸ್, ಎಲೆಕೋಸು, ಟೊಮೆಟೊ. ಹೊತ್ತು ಏರಿದಂತೆ ಮಾಲು ಬಾಡುತ್ತದೆ. ಕೊನೆಗೆ ಇನ್ನೊಂದು ಲಾರಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿದರು. ಆ ತಿಂಗಳಲ್ಲಿ ಅದು ಮೂರನೇ ಸಲ.

ಆ ಲಾರಿ ನನ್ನ ಹತ್ತಿರ ಬಂದದ್ದು ಹೀಗೆ. ನಾನು ಮೈಸೂರಿನಲ್ಲಿ ಗಾಡಿಗಳ ಎಲೆಕ್ಟ್ರಿಕ್ ಕೆಲಸ ಮಾಡುವವನು. ಈ ಒಂದು ಕೆಲಸದಲ್ಲಿ ಕಲಿಯುವುದು ಬಹಳ ಇತ್ತು, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಮಾಲೀಕರು, ಡ್ರೈವರ್, ಮೊದಲು ಕೆಲಸ ಮಾಡಿದ ಅಂಗಡಿ ಯಾರ ಹೆಸರನ್ನೂ ಹಾಕಿಲ್ಲ. ಲಾರಿಯ ಕಂಪನಿ, ಆಂಪ್ಲಿಫೈಯರ್ ಕಂಪನಿ ಕೂಡ ಬೇಡ. ಯಾವ ಕಂಪನಿಯದಾದರೂ ಆಗುತ್ತಿದ್ದದ್ದು ಇದೇ.

ಹಿನ್ನೆಲೆ

ಆರು ಚಕ್ರದ ಲಾರಿ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ಸೀಟಿನ ಹಿಂದೆ ಮಲಗುವ ಹಲಗೆ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಮಾರುಕಟ್ಟೆಯಲ್ಲಿ ತರಕಾರಿ ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಕೋಯಿಕ್ಕೋಡಿಗೆ ಹೋಗುತ್ತದೆ. ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಲಾರಿಗಳ ಸಂಚಾರ ಇಲ್ಲ. 2009ರಿಂದ ಇರುವ ನಿಯಮ, ಕಾಡುಪ್ರಾಣಿಗಳಿಗೋಸ್ಕರ ಮಾಡಿದ್ದು. ಲೋಡ್ ತಡವಾದರೆ ಈ ಕಡೆ ರಾತ್ರಿ ಕಳೆಯಬೇಕು. ವಾಪಸ್ ಬರುವಾಗ ತಡವಾದರೆ ಆ ಕಡೆ. ಹಾಗಾಗಿ ಡ್ರೈವರಿಗೆ ವಾರದಲ್ಲಿ ಮೂರ್ನಾಲ್ಕು ರಾತ್ರಿ ಕ್ಯಾಬಿನ್ನೇ ಮನೆ.

ಲಾರಿಗೆ ಕಂಪನಿಯಿಂದಲೇ ಒಂದು ಮ್ಯೂಸಿಕ್ ಸಿಸ್ಟಮ್ ಬಂದಿತ್ತು. ಎಫ್ಎಂ, ಬ್ಲೂಟೂತ್, ಎರಡು ಸ್ಪೀಕರ್. ಮಾತು ಚೆನ್ನಾಗಿ ಕೇಳುತ್ತಿತ್ತು, ಹಾಡಿನ ಅಡಿಭಾಗ ಮಾತ್ರ ಇರಲಿಲ್ಲ. ಡ್ರೈವರು ಮಾದಪ್ಪನ ಭಕ್ತರು. ಮಾದಪ್ಪನ ಹಾಡು ಹಾಕಿದರೆ ಕಂಸಾಳೆ ಕೇಳುತ್ತದೆ, ನಗಾರಿ ಕೇಳುವುದಿಲ್ಲ ಅನ್ನುವುದು ಅವರ ಕೊರಗು. “ಅಣ್ಣ, ನಗಾರಿ ಏಟು ಎದೆಗೆ ತಾಗ್ಬೇಕು, ಆಗ್ಲೇ ಅದು ಹಾಡು” ಅಂದರು. ಈ ಮಾತನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. ಒಂಬತ್ತು ಗಂಟೆ ಒಂದೇ ಕಡೆ ಕಾಯುವ ಮನುಷ್ಯನಿಗೆ ಹಾಡು ಶೋಕಿ ಅಲ್ಲ.

ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ 12 ಇಂಚಿನ ವೂಫರ್, ಅಂದರೆ ಆ ಅಡಿಭಾಗದ ಸದ್ದಿಗೇ (ಬೇಸ್) ಮಾಡಿದ ದೊಡ್ಡ ಸ್ಪೀಕರ್, ಹಾಕಿಸಿದ್ದರು. ಗಾಳಿ ತೂತು ಇರುವ ದೊಡ್ಡ ರೆಡಿಮೇಡ್ ಡಬ್ಬ, ಅದಕ್ಕೊಂದು ಆಂಪ್ಲಿಫೈಯರ್. ರಟ್ಟಿನ ಡಬ್ಬಿಯ ಮೇಲೆ 3000 ವಾಟ್ ಎಂದು ಬರೆದಿತ್ತು. ಆಂಪ್ಲಿಫೈಯರಿಗೆ ಕಂಪನಿ ಕೊಟ್ಟ ಫ್ಯೂಸ್ 30 ಆಂಪಿಯರಿನದು. 14 ವೋಲ್ಟಿಗೆ 30 ಆಂಪಿಯರ್ ಅಂದರೆ 420 ವಾಟ್ ಒಳಗೆ ಹೋಗುತ್ತದೆ. ಒಳಗೆ 420 ಹೋದರೆ ಹೊರಗೆ 3000 ಬರುವುದಿಲ್ಲ, ಅಲ್ವಾ? ಸ್ಪೀಕರಿಗೆ 300 ಆಸುಪಾಸು ಸಿಕ್ಕರೆ ಅದೇ ಹೆಚ್ಚು. ಆಂಪ್ಲಿಫೈಯರ್ ಕೊಳ್ಳುವಾಗ ರಟ್ಟಿನ ಮೇಲಿನ ಅಂಕಿಯನ್ನು ಬಿಟ್ಟು ಫ್ಯೂಸ್ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ದೂರುಗಳು ನಾಲ್ಕು

ವೂಫರ್ ಹಾಕಿಸಿ ಎಂಟು ತಿಂಗಳಿಗೆ ಒಂದು ಬ್ಯಾಟರಿ ಸತ್ತಿತ್ತು. ಅದೊಂದನ್ನೇ ಬದಲಿಸಿದರು. ಹೊಸದು ಕೂಡ ಬೇಗ ಸೊರಗತೊಡಗಿತು. ಎಡಗಡೆ ಸ್ಪೀಕರ್ ಆಗಾಗ ತಾನಾಗಿ ನಿಲ್ಲುತ್ತಿತ್ತು. ಸೌಂಡ್ ಜಾಸ್ತಿ ಮಾಡಿದರೆ ವೂಫರಿನಿಂದ ಸುಟ್ಟ ವಾಸನೆ ಬರುತ್ತಿತ್ತು. ನಾಲ್ಕನೆಯದನ್ನು ಡ್ರೈವರ್ ಹೇಳಲಿಲ್ಲ, ಕ್ಲೀನರ್ ಹುಡುಗ ಹೇಳಿದ. ಡಬ್ಬ ಇಟ್ಟಿದ್ದು ಮಲಗುವ ಹಲಗೆಯ ಮೇಲೆ. ಅದಾದ ಮೇಲೆ ಡ್ರೈವರು ಕಾಲು ಚಾಚಿ ಮಲಗಿದ್ದೇ ಇಲ್ಲ, ಸೀಟಿನಲ್ಲೇ ಕೂತು ತೂಕಡಿಸುತ್ತಾರೆ. ಡಬ್ಬಕ್ಕೆ ಬೋಲ್ಟ್ ಕೂಡ ಇರಲಿಲ್ಲ. ತಾಮರಶೇರಿ ಘಾಟಿಯಲ್ಲಿ ಒಂಬತ್ತು ಹೇರ್‌ಪಿನ್ ತಿರುವುಗಳಿವೆ. ಒಂದು ತಿರುವಿನಲ್ಲಿ ಅದು ಜಾರಿ ಬಂದು ಡ್ರೈವರ್ ಸೀಟಿನ ಬೆನ್ನಿಗೆ ಗುದ್ದಿತ್ತಂತೆ.

ಮಾಲೀಕರು ಹೇಳಿದ್ದು ಒಂದೇ ಮಾತು: “ಎಲ್ಲಾ ಕಿತ್ತಾಕ್ಬಿಡಿ. ಲಾರಿ ಸ್ಟಾರ್ಟ್ ಆದ್ರೆ ಸಾಕು.” ಡ್ರೈವರ್ ಏನೂ ಹೇಳದೆ ನಿಂತಿದ್ದರು. ನಾನು ಎರಡು ದಿನ ಕೊಡಿ ಎಂದು ಕೇಳಿದೆ. ಕಿತ್ತುಹಾಕುವುದು ಒಂದು ಗಂಟೆಯ ಕೆಲಸ. ಆದರೆ ಕಾರಣ ಗೊತ್ತಾಗದೆ ಕಿತ್ತರೆ ಆರು ತಿಂಗಳ ನಂತರ ಬೇರೆ ಕಡೆ ಅದೇ ತಪ್ಪು ಮತ್ತೆ ಆಗುತ್ತದೆ.

ಎರಡು ಬ್ಯಾಟರಿ, ಎರಡು ಅಂಕಿ

ಕಾರು ಓಡುವುದು 12 ವೋಲ್ಟಿನಲ್ಲಿ. ಇಂಥ ಲಾರಿ 24ರಲ್ಲಿ. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಪೇಟೆಯಲ್ಲಿ ಸಿಗುವ ಆಂಪ್ಲಿಫೈಯರ್‌ಗಳು ಹೆಚ್ಚುಕಮ್ಮಿ ಎಲ್ಲವೂ ಕಾರಿಗೆ ಮಾಡಿದವು. ಎಂಜಿನ್ ಓಡುವಾಗ ಲಾರಿಯಲ್ಲಿ 28 ವೋಲ್ಟ್ ಇರುತ್ತದೆ. ಅದನ್ನು ನೇರ ಕೊಟ್ಟರೆ ಆಂಪ್ಲಿಫೈಯರ್ ಸುಟ್ಟೇ ಹೋಗುತ್ತದೆ.

ಮೊದಲ ಅಂಗಡಿಯವರು ಸುಲಭದ ದಾರಿ ಹಿಡಿದಿದ್ದರು. ಎರಡು ಬ್ಯಾಟರಿ ಸೇರುವ ನಡುವಿನ ಪಟ್ಟಿಯಿಂದ ಒಂದು ವೈರ್ ಎಳೆದು, ಇನ್ನೊಂದನ್ನು ಲಾರಿಯ ಬಾಡಿಗೆ, ಅಂದರೆ ಕಬ್ಬಿಣದ ಮೈಗೆ, ತಾಗಿಸಿ ಅರ್ಥ್ ಮಾಡಿದ್ದರು. ಅಲ್ಲಿ 12 ವೋಲ್ಟ್ ಸಿಗುತ್ತದೆ, ನಿಜ. ಆದರೆ ಅದು ಬಾಡಿ ಕಡೆಯ ಒಂದೇ ಬ್ಯಾಟರಿಯದು. ಈ ಪದ್ಧತಿ ಎಲ್ಲ ಕಡೆ ಇದೆ. ಚಿಕ್ಕ ಲೈಟಿಗೆ, ಫೋನ್ ಚಾರ್ಜರಿಗೆ ನಾನೂ ಹಿಂದೆ ಹೀಗೆ ಎಳೆದಿದ್ದೇನೆ. ಅರ್ಧ ಆಂಪಿಯರಿನ ಕೆಲಸಕ್ಕೆ ಅದು ಹೇಗೋ ನಡೆದುಹೋಗುತ್ತದೆ. ವೂಫರಿಗೆ ನಡೆಯುವುದಿಲ್ಲ.

ನಾನು ಎರಡೂ ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆದೆ. ಇದಕ್ಕೆ ಮೊದಲು ನೋಡಿದವರೆಲ್ಲ ಒಟ್ಟು 24 ಇದೆಯಾ ಎಂದಷ್ಟೇ ನೋಡಿದ್ದರು. ಒಟ್ಟು 24.6 ಇತ್ತು, ದೂರುವಂಥದ್ದೇನಿಲ್ಲ. ಬಿಡಿಸಿ ನೋಡಿದರೆ ಮೇಲಿನದು 12.8, ಕೆಳಗಿನದು, ಅಂದರೆ ಬಾಡಿ ಕಡೆಯದು, 11.8. ಸೆಲ್ಫ್ ಹೊಡೆದಾಗ ಕೆಳಗಿನದು 8 ವೋಲ್ಟಿಗಿಂತ ಕೆಳಗೆ ಬಿತ್ತು. ಎಂಜಿನ್ ಓಡುವಾಗ ಒಟ್ಟು 28.1, ಅದರಲ್ಲಿ ಮೇಲಿನದಕ್ಕೆ 15, ಕೆಳಗಿನದಕ್ಕೆ 13.1.

ಪ್ರಕರಣ ತಿರುಗಿದ್ದು ಈ ಅಂಕಿಗಳಲ್ಲಿ. ಡೈನಮೋ ಎರಡು ಬ್ಯಾಟರಿಗಳನ್ನು ಒಂದೇ ಎಂದುಕೊಂಡು ಚಾರ್ಜ್ ಮಾಡುತ್ತದೆ. ಒಟ್ಟು 28 ಮುಟ್ಟಿದರೆ ಎರಡೂ ತುಂಬಿದವು ಎಂದು ಕರೆಂಟ್ ಇಳಿಸುತ್ತದೆ. ಆಂಪ್ಲಿಫೈಯರ್ ಕೆಳಗಿನದರಿಂದ ಮಾತ್ರ ಕುಡಿಯುತ್ತಿದೆ. ಅದು ಎಂದೂ ತುಂಬುವುದಿಲ್ಲ, ಒಳಗಿನ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟುತ್ತದೆ. ಮೇಲಿನದು ಆಗಲೇ ತುಂಬಿದೆ, ಆದರೂ ಅದಕ್ಕೆ ಇನ್ನೂ ತುರುಕುತ್ತಿದ್ದಾರೆ. ಅದರ ನೀರು ಕುದ್ದು ಆರುತ್ತದೆ. ಮುಚ್ಚಳ ತೆಗೆದು ನೋಡಿದರೆ ಹಾಗೇ ಇತ್ತು, ಪ್ಲೇಟಿನ ತುದಿ ಕಾಣುತ್ತಿತ್ತು. ಒಂದು ಹಸಿವಿನಿಂದ ಸಾಯುತ್ತಿದೆ, ಇನ್ನೊಂದು ಅಜೀರ್ಣದಿಂದ. ಸತ್ತ ಒಂದನ್ನೇ ಬದಲಿಸಿದ್ದರಿಂದ ಹೊಸದಕ್ಕೂ ಹಳೆಯದಕ್ಕೂ ಅಂತರ ಇನ್ನೂ ಹೆಚ್ಚಾಯಿತು.

ಇನ್ನೊಂದು ವಿಷಯವೂ ಸಿಕ್ಕಿತು. ಆಂಪ್ಲಿಫೈಯರಿಗೆ ‘ಎದ್ದೇಳು’ ಎಂದು ಹೇಳುವ ಸಣ್ಣ ವೈರ್ ಇರುತ್ತದೆ, ರಿಮೋಟ್ ವೈರ್. ಅದನ್ನು ಸದಾ ಕರೆಂಟ್ ಇರುವ ಕಡೆಗೆ ಕೊಟ್ಟಿದ್ದರು. ಹಾಡು ನಿಲ್ಲಿಸಿದರೂ ಆಂಪ್ಲಿಫೈಯರ್ ಮಲಗುತ್ತಿರಲಿಲ್ಲ, ಸುಮ್ನೆ ಕೂತು 0.8 ಆಂಪಿಯರ್ ಎಳೆಯುತ್ತಿತ್ತು. ಹತ್ತು ಗಂಟೆಗೆ 8 ಆಂಪಿಯರ್-ಅವರ್. ಮಲಗುವ ಮೊದಲು ಮೂರು ಗಂಟೆ ಹಾಡು ಕೇಳಿದರೆ ಇನ್ನೊಂದು ಇಪ್ಪತ್ತು. ಎಲ್ಲವೂ ಒಂದೇ ಬ್ಯಾಟರಿಯಿಂದ, ಅದೂ ಆಗಲೇ ಸೊರಗಿದ 100 ಆಂಪಿಯರ್-ಅವರಿನದರಿಂದ.

ನನ್ನ ಮೊದಲ ಪ್ರಯತ್ನ ಸೋತಿತು

ಎರಡೂ ಬ್ಯಾಟರಿ ತೆಗೆದು, ಒಂದೇ ಕಂಪನಿಯ, ಒಂದೇ ತಿಂಗಳಲ್ಲಿ ತಯಾರಾದ ಜೋಡಿ ಹಾಕಿಸಿದೆ. ಮಾಲೀಕರಿಗೆ ಬೇಸರವಾಯಿತು. ಎರಡು ಬ್ಯಾಟರಿಯ ದುಡ್ಡು ವೂಫರ್ ಸೆಟ್ಟಿನ ದುಡ್ಡಿಗಿಂತ ಜಾಸ್ತಿ. ಆಮೇಲೆ ನಡುಪಟ್ಟಿಯ ವೈರ್ ಕಿತ್ತು, 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿದೆ. ಅಂಗಡಿಯಲ್ಲಿ ಇದ್ದದ್ದು 20 ಆಂಪಿಯರ್ ಎಂದು ಬರೆದದ್ದು. ಸಾಕು ಅಂದುಕೊಂಡೆ.

ಸಾಕಾಗಲಿಲ್ಲ. ನಗಾರಿ ಏಟು ಬಿದ್ದಾಗಲೆಲ್ಲ 12 ವೋಲ್ಟ್ 10.4ಕ್ಕೆ ಕುಸಿದು ಆಂಪ್ಲಿಫೈಯರಿನ ಕೆಂಪು ದೀಪ ಹತ್ತುತ್ತಿತ್ತು. ಕನ್ವರ್ಟರ್ ಮೈ ಮುಟ್ಟಲಾಗದಷ್ಟು ಬಿಸಿ. ಬೇಸ್ ಅನ್ನುವುದು ನೀರಿನ ಮೋಟಾರಿನ ಹಾಗೆ ಒಂದೇ ಸಮ ಕರೆಂಟ್ ಎಳೆಯುವುದಿಲ್ಲ. ಏಟಿಗೊಮ್ಮೆ ಗಬಕ್ಕನೆ ಎಳೆದು ಬಿಡುತ್ತದೆ. ನಾನು ಸರಾಸರಿ ಲೆಕ್ಕ ಹಾಕಿದ್ದೆ, ಏಟಿನ ಲೆಕ್ಕ ಹಾಕಿರಲಿಲ್ಲ.

ಕೂತು ಸರಿಯಾಗಿ ಲೆಕ್ಕ ಹಾಕಿದೆ. ಸ್ಪೀಕರಿಗೆ 250 ವಾಟ್ ಬೇಕು ಅನ್ನೋಣ. ಆಂಪ್ಲಿಫೈಯರ್ ನೂರಕ್ಕೆ ಎಂಬತ್ತನ್ನು ಹೊರಗೆ ಕೊಟ್ಟರೂ ಒಳಗೆ 312 ವಾಟ್ ಬೇಕು. 13.8 ವೋಲ್ಟಿಗೆ ಅದು 22ರಿಂದ 23 ಆಂಪಿಯರ್. 24ರ ಕಡೆ ಅದೇ ಕೆಲಸಕ್ಕೆ 13 ಆಂಪಿಯರ್ ಸಾಕು. ಹಾಗಾಗಿ ನಿರಂತರ 30 ಆಂಪಿಯರ್ ಕೊಡುವ ಸ್ವಿಚಿಂಗ್ ಕನ್ವರ್ಟರ್ ತರಿಸಿದೆ. 24ರ ಕಡೆ 6 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ಕೇಬಲ್. ಬ್ಯಾಟರಿಯಿಂದ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸ್. ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು ಅಲ್ಲ, ಕೇಬಲನ್ನು. ಕ್ಯಾಬಿನ್ ಎತ್ತಿ ಇಳಿಸುವಾಗ ಎಲ್ಲೋ ಕೇಬಲ್ ಉಜ್ಜಿ ಬಾಡಿಗೆ ತಾಗಿದರೆ, ಬ್ಯಾಟರಿ ಹತ್ತಿರ ಫ್ಯೂಸ್ ಇಲ್ಲದ ಗಾಡಿ ಹೊತ್ತಿಕೊಳ್ಳುತ್ತದೆ. ಮೊದಲು ಹಾಕಿದ್ದ ಕೇಬಲಿನಲ್ಲಿ ಫ್ಯೂಸ್ ಇದ್ದದ್ದು ಆಂಪ್ಲಿಫೈಯರಿನ ಹತ್ತಿರ ಮಾತ್ರ. ಇದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ಆ ಕ್ಯಾಬಿನ್ನಿನಲ್ಲಿ ಒಬ್ಬ ಮನುಷ್ಯ ರಾತ್ರಿಯೆಲ್ಲ ನಿದ್ದೆ ಮಾಡುತ್ತಾನೆ.

ರಿಮೋಟ್ ವೈರನ್ನು ಕೀ ಜೊತೆ ಕೂಡಿಸಿದೆ, ನಡುವೆ ರಿಲೇ (ಕರೆಂಟಿನಿಂದ ಓಡುವ ಸ್ವಿಚ್) ಹಾಕಿ, ಕನ್ವರ್ಟರಿನ 12 ವೋಲ್ಟಿನಿಂದ. 24 ವೋಲ್ಟನ್ನು ನೇರ ಅಲ್ಲಿಗೆ ಕೊಟ್ಟರೆ ಆ ವಿಭಾಗ ಸುಡುತ್ತದೆ. ಕನ್ವರ್ಟರಿನ ಮುಂದೆ ವೋಲ್ಟ್ ಇಳಿದರೆ ಕಡಿಯುವ ಕಟ್-ಆಫ್ ಹಾಕಿ 24.4ಕ್ಕೆ ನಿಲ್ಲಿಸಿದೆ. ಎರಡೂ ಬ್ಯಾಟರಿಯಲ್ಲಿ ಅರ್ಧದಷ್ಟು ಉಳಿದಿರುವಾಗಲೇ ಹಾಡು ನಿಲ್ಲುತ್ತದೆ. ಬೆಳಗ್ಗೆ ಸೆಲ್ಫಿಗೆ ಅಷ್ಟು ಬೇಕು.

ಕಂಪನಿ ಸೆಟ್ಟಿನಿಂದ ಸಿಗ್ನಲ್ ತೆಗೆಯುವುದು

ಸೆಟ್ಟನ್ನೇ ಬದಲಿಸಿದರೆ ಸುಲಭ ಆಗುತ್ತಿತ್ತು. ಲಾರಿಗೆ ಇನ್ನೂ ವಾರಂಟಿ ಇತ್ತು, ಮಾಲೀಕರಿಗೆ ಡ್ಯಾಶ್‌ಬೋರ್ಡ್ ಬಿಚ್ಚುವುದು ಇಷ್ಟ ಇರಲಿಲ್ಲ. ಹಾಗಾಗಿ ಸ್ಪೀಕರ್ ವೈರಿನಿಂದಲೇ ಹಾಡು ತೆಗೆಯಬೇಕು.

ಎಡ ಸ್ಪೀಕರ್ ನಿಲ್ಲುತ್ತಿದ್ದದ್ದರ ಕಾರಣ ಇಲ್ಲೇ ಇತ್ತು. ಅದರ ಮೈನಸ್ ವೈರನ್ನು ಬಾಡಿಗೆ ಅರ್ಥ್ ಮಾಡಿದ್ದರು. ಹಳೇ ಕಾಲದ ಟೇಪಿಗೆ ಅದು ನಡೆಯುತ್ತಿತ್ತು. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ವೈರುಗಳಲ್ಲಿ ಕರೆಂಟ್ ಇರುತ್ತದೆ. ಮೀಟರ್ ಇಟ್ಟಾಗ ಬಾಡಿಯಿಂದ ಎರಡಕ್ಕೂ ಸುಮಾರು 6 ವೋಲ್ಟ್ ತೋರಿಸಿತು. ಒಂದನ್ನು ಅರ್ಥ್ ಮಾಡಿದರೆ ಸೆಟ್ಟು ತನ್ನನ್ನು ಕಾಪಾಡಿಕೊಳ್ಳಲು ಆ ಕಡೆಯನ್ನು ಮುಚ್ಚುತ್ತದೆ. ಅರ್ಥ್ ಬಿಡಿಸಿ, ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಲೈನ್ ಕನ್ವರ್ಟರ್ (ಸ್ಪೀಕರ್ ಸಿಗ್ನಲನ್ನು ಆಂಪ್ಲಿಫೈಯರಿಗೆ ಹೊಂದುವಷ್ಟಕ್ಕೆ ಇಳಿಸುವ ಡಬ್ಬಿ) ಮೂಲಕ ಸಿಗ್ನಲ್ ತೆಗೆದೆ. ಎಡ ಸ್ಪೀಕರ್ ಮತ್ತೆ ಹಾಡಿತು.

ಸುಟ್ಟ ವಾಸನೆಯ ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಫೋನಿನಿಂದ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ, ಇದು ಬೇಸ್) ಮತ್ತು 1000 ಹರ್ಟ್ಸ್ ಸದ್ದುಗಳನ್ನು ಹಾಕಿ, ಬೇರೆ ಬೇರೆ ವಾಲ್ಯೂಮಿನಲ್ಲಿ ಸ್ಪೀಕರ್ ವೈರ್ ಅಳೆದೆ. ವಾಲ್ಯೂಮ್ 12ರಲ್ಲಿ ಎರಡೂ ಒಂದೇ. 25ಕ್ಕೆ ಹೋದಾಗ ಬೇಸ್ ಸಿಗ್ನಲ್ ಇನ್ನೊಂದರ ಅರ್ಧದಷ್ಟೇ ಇತ್ತು. ಕಂಪನಿಯವರು ಇದನ್ನು ಬೇಕೆಂದೇ ಮಾಡಿರುತ್ತಾರೆ. ಚಿಕ್ಕ ಸ್ಪೀಕರ್ ಹರಿಯದಿರಲಿ ಎಂದು ವಾಲ್ಯೂಮ್ ಏರಿದಂತೆ ಬೇಸನ್ನು ಸೆಟ್ಟೇ ಇಳಿಸುತ್ತದೆ. ಇದು ಗೊತ್ತಿಲ್ಲದೆ ಮೊದಲ ಅಂಗಡಿಯವರು ಬೇಸ್ ಸಾಲದು ಎಂದು ಆಂಪ್ಲಿಫೈಯರಿನ ಗೇನ್ (ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ನಾಬ್) ಮತ್ತು ಬೇಸ್ ಬೂಸ್ಟ್ ಎರಡನ್ನೂ ತುದಿಗೆ ತಿರುಗಿಸಿದ್ದರು. ಕಡಿಮೆ ವಾಲ್ಯೂಮಿನಲ್ಲೇ ಅಲೆಯ ತಲೆ ಕತ್ತರಿಸಿ ಹೋಗುತ್ತಿತ್ತು, ವೂಫರಿನೊಳಗಿನ ತಂತಿ ಸುರುಳಿ (ಕಾಯಿಲ್) ಬಿಸಿಯಾಗಿ ಸುಡುತ್ತಿತ್ತು.

ಗೇನನ್ನು ನಾನು ಕಿವಿಯಲ್ಲಿ ಹೊಂದಿಸುವುದಿಲ್ಲ. ಸ್ಪೀಕರ್ ಬಿಚ್ಚಿ, 50 ಹರ್ಟ್ಸ್ ಸದ್ದು ಹಾಕಿ, ಮೀಟರನ್ನು ಎಸಿಯಲ್ಲಿ ಇಟ್ಟು ನೋಡುತ್ತೇನೆ. ವಾಟ್ ಮತ್ತು ಓಮ್ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಸಿಗುತ್ತದೆ. 250 ವಾಟ್, 4 ಓಮ್ ಅಂದರೆ 31.6 ವೋಲ್ಟ್. ಮೊದಲು ಅಲ್ಲಿಗೇ ಹೊಂದಿಸಿದೆ.

ನಗಾರಿಯನ್ನು ನುಂಗುತ್ತಿದ್ದದ್ದು

ಲಾರಿ ಓಡಿಸಿಕೊಂಡು ನಂಜನಗೂಡಿನ ಕಡೆ ಹೋದೆವು. ನಿಂತಾಗ ನಗಾರಿ ಎದೆಗೆ ತಾಗುತ್ತಿತ್ತು. ಹೊರಟ ಮೇಲೆ ಮಾಯ. ಡ್ರೈವರ್ ವಾಲ್ಯೂಮ್ ಏರಿಸುತ್ತಲೇ ಹೋದರು. ಆಗ ನನ್ನ ಕಣ್ಣು ಎಂಜಿನ್ ವೇಗದ ಮುಳ್ಳಿನ ಮೇಲೆ ಬಿತ್ತು. 1500 ಇತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. ನಿಮಿಷಕ್ಕೆ 1500 ಸುತ್ತಾದರೆ ಸೆಕೆಂಡಿಗೆ 25, ಅಂದರೆ 50 ಸಿಡಿತ. 50 ಹರ್ಟ್ಸ್! ಎಂಜಿನ್ ಗುಂಯ್‌ಗುಡುತ್ತಿದ್ದದ್ದು ನಗಾರಿಯ ಜಾಗದಲ್ಲೇ. ನಾವು ಎಷ್ಟು ವಾಟ್ ಸುರಿದರೂ ಎಂಜಿನ್ ಜೊತೆ ಜಗಳ ಆಡುತ್ತಿದ್ದೆವು, ಅಷ್ಟೇ.

ಅಲ್ಲೇ ನಿಲ್ಲಿಸಿ ಕ್ಯಾಬಿನ್ ನೋಡಿದೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದಿತ್ತು. ಎಂಜಿನ್ ಕ್ಯಾಬಿನ್ ಅಡಿಯಲ್ಲೇ ಇರುವ ಲಾರಿ ಅದು, ಆ ತೂತಿನಿಂದ ಸದ್ದು, ಬಿಸಿ ಎರಡೂ ಒಳಗೆ ಬರುತ್ತಿದ್ದವು. ಬಾಗಿಲಿನ ರಬ್ಬರ್ ಗಟ್ಟಿಯಾಗಿ ಒಡೆದಿತ್ತು. ಎರಡನ್ನೂ ಹೊಸದು ಹಾಕಿದೆ. ನೆಲಕ್ಕೆ, ಬಾಗಿಲ ಒಳಗಡೆಗೆ ಸದ್ದು ಹೀರುವ ಡಾಂಬರಿನಂಥ ಹಾಳೆ ಅಂಟಿಸಿ ಮೇಲೆ ದಪ್ಪ ಮ್ಯಾಟ್ ಹಾಸಿದೆ. ಫೋನಿನ ಆ್ಯಪಿನ ಅಳತೆ ಪಕ್ಕಾ ಅಲ್ಲ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಹೋಲಿಸಲು ಸಾಕು. ಅದೇ ರಸ್ತೆ, ಅದೇ ವೇಗದಲ್ಲಿ ನಾಲ್ಕು ಡೆಸಿಬಲ್ ಇಳಿದಿತ್ತು.

ಇದರಿಂದ ದೊಡ್ಡ ವೂಫರ್ ಬೇಕೇ ಅನ್ನುವ ಪ್ರಶ್ನೆ ತಾನಾಗಿ ಎದ್ದಿತು. 12 ಇಂಚಿನ ಡಬ್ಬ ತೆಗೆದು, ಮಲಗುವ ಹಲಗೆಯ ಅಡಿಯ ಸಾಮಾನು ಗೂಡಿನಲ್ಲಿ 10 ಇಂಚಿನದು ಕೂರಿಸುವುದು ನನ್ನ ಯೋಚನೆ. ಡ್ರೈವರಿಗೆ ಮೊದಲು ಮನಸ್ಸಿರಲಿಲ್ಲ. “ಚಿಕ್ಕದಾಯ್ತಲ್ಲ ಅಣ್ಣ” ಅಂದರು. “ಒಂದು ಟ್ರಿಪ್ ನೋಡಿ. ಬೇಡ ಅಂದ್ರೆ ಹಳೇದೇ ಹಾಕ್ಕೊಡ್ತೀನಿ, ಆದ್ರೆ ಬೋಲ್ಟ್ ಹಾಕಿ” ಅಂದೆ. ಗೂಡಿನಲ್ಲಿ 20 ಲೀಟರಿನ ಮುಚ್ಚಿದ ಡಬ್ಬಕ್ಕೆ ಜಾಗ ಸಿಕ್ಕಿತು. 18 ಮಿಲಿಮೀಟರಿನ ಪ್ಲೈವುಡ್‌ನಲ್ಲಿ ಮಾಡಿಸಿದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಗ್ಗ, ಆದರೆ ವಯನಾಡಿನ ಮಳೆಯ ತೇವಕ್ಕೆ ಅದು ಊದಿಕೊಳ್ಳುತ್ತದೆ. ಕಬ್ಬಿಣದ ಪಟ್ಟಿ ಹಾಕಿ ನಾಲ್ಕು ಬೋಲ್ಟಿನಲ್ಲಿ ನೆಲಕ್ಕೆ ಬಿಗಿದೆ.

ಗೇನನ್ನು ಈ ಸಲ 31.6ರ ಬದಲು 22 ವೋಲ್ಟಿಗೆ ಇಳಿಸಿದೆ. ಅಂದರೆ 121 ವಾಟ್, ಮೊದಲಿನ ಅರ್ಧಕ್ಕಿಂತ ಕಡಿಮೆ. ಪವರ್ ಅರ್ಧವಾದರೆ ಕಿವಿಗೆ ಸದ್ದು ಅರ್ಧವಾಗುವುದಿಲ್ಲ, ಮೂರು ಡೆಸಿಬಲ್ ಇಳಿಯುತ್ತದೆ. ಕನ್ವರ್ಟರಿನ ಭಾರ ಮಾತ್ರ ಅರ್ಧ ಕಡಿಮೆ. ಮೇಲಿನ ಸದ್ದು ವೂಫರಿಗೆ ಹೋಗದ ಹಾಗೆ ಫಿಲ್ಟರನ್ನು 80 ಹರ್ಟ್ಸ್‌ಗೆ ಇಟ್ಟೆ. ವೂಫರಿನ ಎರಡು ವೈರನ್ನು ಒಮ್ಮೆ ಹಾಗೆ, ಒಮ್ಮೆ ತಿರುಗಿಸಿ ಹಾಕಿ, ಡ್ರೈವರ್ ಸೀಟಿನಲ್ಲಿ ಬೇಸ್ ತುಂಬಿ ಕೇಳಿದ ಕಡೆಗೆ ಬಿಟ್ಟೆ. ಬೇಸ್ ಏರಿಸಿ ಇಳಿಸುವ ನಾಬನ್ನು ಕೈಗೆ ಸಿಗುವ ಹಾಗೆ ಡ್ಯಾಶ್‌ಬೋರ್ಡಿನ ಕೆಳಗೆ ಇಟ್ಟೆ. ಓಡುವಾಗ ಏರಿಸಬಹುದು, ನಿಂತಾಗ ಇಳಿಸಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಜನ ವಾಸಿಸುವ ಕಡೆ ಸದ್ದಿನ ಮಿತಿ 45 ಡೆಸಿಬಲ್, 2000ದ ನಿಯಮ. ಬೇಸ್ ಗೋಡೆ ದಾಟಿ ಹೋಗುತ್ತದೆ. ರಸ್ತೆ ಬದಿಯ ಮನೆಗಳಲ್ಲೂ ಮಕ್ಕಳು ಮಲಗಿರುತ್ತಾರೆ.

ಕೊನೆಯ ಪರೀಕ್ಷೆ ಹಾಡಿನದಲ್ಲ. ಡ್ರೈವರ್ ಸಾಮಾನ್ಯವಾಗಿ ಇಡುವ ವಾಲ್ಯೂಮಿನಲ್ಲಿ ಹಾಡು ಹಾಕಿಸಿ, ಎಂಜಿನ್ ಓಡುತ್ತಿರುವಾಗ ಕ್ಲೀನರ್ ಹುಡುಗನಿಗೆ ನನ್ನ ಬೈಕ್ ಕೊಟ್ಟು ಹಿಂದಿನಿಂದ ಹಾರ್ನ್ ಹೊಡೆಸಿದೆ. ಕೇಳಿಸಬೇಕು. ಮೊದಲ ಸಲ ಕೇಳಿಸಲಿಲ್ಲ. ಬೇಸ್ ಇದ್ದಷ್ಟೇ ಇಟ್ಟು ಮೇಲಿನ ಸ್ಪೀಕರುಗಳ ಸದ್ದನ್ನು ಎರಡು ಹೆಜ್ಜೆ ಇಳಿಸಿದ ಮೇಲೆ ಕೇಳಿಸಿತು. ಆ ವಾಲ್ಯೂಮ್ ಅಂಕಿ 18. ಓಡುವಾಗ ಅದಕ್ಕಿಂತ ಮೇಲೆ ಹೋಗಬೇಡಿ ಎಂದು ಹೇಳಿ, ಸೆಟ್ಟಿನ ಪಕ್ಕ ಚೀಟಿ ಅಂಟಿಸಿದೆ. 18ರಲ್ಲಿ ಕಂಪನಿ ಸೆಟ್ಟು ಬೇಸನ್ನು ಹೆಚ್ಚು ಇಳಿಸುವುದೂ ಇಲ್ಲ.

ಆಮೇಲೆ

ಒಂದು ತೊಂದರೆ ಹೊಸದಾಗಿ ಬಂತು. ಸ್ವಿಚಿಂಗ್ ಕನ್ವರ್ಟರ್ ಓಡುವಾಗ ಎಫ್ಎಂನಲ್ಲಿ ಸುಯ್ ಅನ್ನುವ ಸದ್ದು. ಕನ್ವರ್ಟರನ್ನು ಆಂಟೆನಾ ಕೇಬಲಿನಿಂದ ದೂರ, ಎದುರು ಬದಿಗೆ ಸರಿಸಿ, ಅದರ ವೈರುಗಳನ್ನು ಹೆಣೆದು, ಅಂಥ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿದ ಮೇಲೆ ಬಹಳಷ್ಟು ಹೋಯಿತು. ಕಾಡಿನ ಅಂಚಿನಲ್ಲಿ ಸ್ಟೇಷನ್ ಕ್ಷೀಣವಾಗಿ ಸಿಗುವ ಕಡೆ ಈಗಲೂ ಸ್ವಲ್ಪ ಇದೆ. ಪೂರ್ತಿ ಹೋಗಿಸಲು ನನ್ನಿಂದ ಆಗಲಿಲ್ಲ.

ಮೊದಲ ಟ್ರಿಪ್ ಮುಗಿಸಿ ಬಂದ ಡ್ರೈವರ್ ಹಳೇ ವೂಫರ್ ವಿಷಯ ಎತ್ತಲಿಲ್ಲ. ಹಲಗೆಯ ಮೇಲೆ ಹಾಸಿಗೆ ಬಿಚ್ಚಿತ್ತು. “ನಿದ್ದೆ ಆಯ್ತು ಅಣ್ಣ” ಅಂದರು. ಮಾಲೀಕರು ತಮ್ಮ ಇನ್ನೊಂದು ಲಾರಿಯ ಬ್ಯಾಟರಿಗಳನ್ನೂ ಬಿಡಿಸಿ ಅಳೆಯಲು ಹೇಳಿದರು. ಅದರಲ್ಲಿ ವೂಫರ್ ಇಲ್ಲ. ಆದರೆ ಅದರಲ್ಲೂ ನಡುಪಟ್ಟಿಯಿಂದ ಒಂದು ವೈರ್ ಹೊರಟಿತ್ತು, ಹೊರಗಿನ ಅಲಂಕಾರದ ದೀಪಗಳಿಗೆ. ಮೇಲಿನದು 12.7, ಕೆಳಗಿನದು 12.3. ಆ ವೈರನ್ನು ಅವತ್ತೇ ಬಿಡಿಸಿದೆವು. ಅದರ ಬ್ಯಾಟರಿಗಳು ಉಳಿದವು.

ಮಳೆಗಾಲ ಕಳೆದ ಮೇಲೆ ಲಾರಿಯನ್ನು ಮತ್ತೆ ಕರೆಸಿ ನೋಡಿದೆ. ಪ್ಲೈವುಡ್ ಡಬ್ಬದ ಒಂದು ಮೂಲೆ ತೇವಕ್ಕೆ ತುಸು ಎದ್ದಿತ್ತು, ಅಂಟು ಹಾಕಿ ಎಣ್ಣೆ ಬಣ್ಣ ಹೊಡೆದೆ. ಬೋಲ್ಟ್‌ಗಳು ಬಿಗಿಯಾಗೇ ಇದ್ದವು. ಬ್ಯಾಟರಿಗಳನ್ನು ಬಿಡಿಬಿಡಿಯಾಗಿ ಅಳೆದೆ. ಮೇಲಿನದು 12.68, ಕೆಳಗಿನದು 12.66.